ಮೋಜಣಿ ಕಾಕಾ ‘ಚಲೋ ಬಂದೈತಿ’ ಅಂದ ಗ್ರಹಣ

ಅಕ್ಷರದ ಫಲಕದ ಕೊನೆಯ ಸಾಲನ್ನು ಮೋಜಣಿ ಕಾಕಾ ತಡವರಿಸದೆ ಓದಿಬಿಟ್ಟಾಗಲೇ ನನಗೆ ಅನುಮಾನ ಬಂತು. ಹಾನಗಲ್ಲಿನ ನನ್ನ ಚಷ್ಮಾ ಅಂಗಡಿಯಲ್ಲಿ ಆ ಸಾಲನ್ನು ಕಾಲೇಜು ಹುಡುಗಿಯರೂ ಕಣ್ಣು ಕಿರಿದು ಮಾಡಿಕೊಂಡೇ ಓದುವುದು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಮನುಷ್ಯ ಅದನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರೆ ನಂಬುವುದು ಹೇಗೆ? ಎದ್ದು ಹೋಗಿ ಫಲಕವನ್ನು ತಿರುವಿ ಹಾಕಿದೆ. ಹಿಂದಿನ ಮಗ್ಗುಲಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಕಾಕಾ ಮೇಲಿನ ದೊಡ್ಡ ಅಕ್ಷರ ಓದಿದರು, ಅದರ ಕೆಳಗಿನ ಸಾಲನ್ನೂ ಓದಿದರು, ಆಮೇಲೆ ಗಂಟಲು ಸರಿಮಾಡಿಕೊಂಡು ಸುಮ್ಮನಾದರು.

“ಬಾಯಿಪಾಠ ಮಾಡೀರೇನ್ರಿ ಕಾಕಾ?” ಎಂದೆ.

“ಇಷ್ಟ ವರ್ಷದಿಂದ ಬಂದು ಇದ ಕುರ್ಚಿ ಮ್ಯಾಲೆ ಕುಂಡ್ರತೇನಿ. ದಿನಾ ಅದೊಂದ ಮಗ್ಗಲಾ ತೋರಿಸ್ತಿ. ಬಾಯಿಪಾಠ ಆಗದ ಏನಾದೀತು?” ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದರು.

ಅವರು ನನಗೆ ಬಳಗದ ಕಾಕಾ ಅಲ್ಲ. ಸವಣೂರಿನವರು. ಸರ್ಕಾರಿ ಸರ್ವೇಯರ್ ಆಗಿ ಊರೂರ ಹೊಲಗಳ ಮೋಜಣಿ ಮಾಡಿ ನಿವೃತ್ತರಾದವರು. ಅವರು, ನಾನು, ಹಿರೇಕೆರೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಚಿಕ್ಕೇರೂರಿನ ಸರ್ ಒಬ್ಬರು, ಹೀಗೆ ಮೂವರು ಆಕಾಶದ ಹುಚ್ಚಿನವರು ಒಂದು ಗುಂಪು ಕಟ್ಟಿಕೊಂಡಿದ್ದೇವೆ. ದೂರದರ್ಶಕ ಕಾಕಾನದು, ಕ್ಯಾಮೆರಾ ಸರ್ ಅವರದು, ಗಾಜು ಒರೆಸುವುದು ಮತ್ತು ಎಲ್ಲರ ಕಣ್ಣು ಕಾಯುವುದು ನನ್ನ ಕೆಲಸ. ಆದರೆ ಫೋಕಸ್ ಮಾತ್ರ ಕಾಕಾನ ಸ್ವಂತ ಆಸ್ತಿ. ಒಮ್ಮೆ ಅವರು ಫೋಕಸ್ ಹಾಕಿ, ತಿರುಪಿನ ಮೇಲೆ ಕಪ್ಪು ಅಂಟುಪಟ್ಟಿ ಸುತ್ತಿದರೆಂದರೆ ಮುಗಿಯಿತು. ಆ ಪಟ್ಟಿ ಕಾಕಾನೇ ಬಿಚ್ಚುವ ತನಕ ಯಾರೂ ಮುಟ್ಟುವಂತಿಲ್ಲ. ಹಿಂದೊಂದು ಗ್ರಹಣದಲ್ಲಿ ಸರ್ “ಇನ್ನೊಂಚೂರು” ಎಂದು ತಿರುಪಿಗೆ ಕೈ ಹಾಕಿ ಅವತ್ತಿನ ಅಷ್ಟೂ ಚಿತ್ರ ಕೆಡಿಸಿದ ಮೇಲೆ ಈ ಕಾಯಿದೆ ಬಂತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕಾಕಾ ಯಾವ ಚಿತ್ರವನ್ನೂ ಚಲೋ ಐತಿ ಅಂದವರಲ್ಲ. ಚಂದ್ರನ ಚಿತ್ರ ತೋರಿಸಿದರೆ ಅಂಚು ಮೆತ್ತಗಾಗೇತಿ ಅನ್ನುವರು, ಗುರುಗ್ರಹದ ಚಿತ್ರ ತೋರಿಸಿದರೆ ಕ್ಯಾಮೆರಾ ಅಲುಗಾಡೇತಿ ಅನ್ನುವರು. ನಾನು ಅವರಿಗೆ ಮಾಡಿಕೊಟ್ಟ ಕನ್ನಡಕಗಳಲ್ಲಿ ಒಂದಾದರೂ ಮೂಗಿನ ಮೇಲೆ ನೆಟ್ಟಗೆ ಕುಳಿತದ್ದಿಲ್ಲ.

ಆ ದಿನ ಅಂಗಡಿಯಲ್ಲಿ ನಾನು ಚೌಕಳಿ ಹಾಳೆ ತೆಗೆದೆ. ಸಣ್ಣ ಚೌಕಗಳ ಗೆರೆ, ನಡುವೆ ಒಂದು ಚುಕ್ಕೆ, ಅಷ್ಟೇ. ಕಾಕಾನ ಎಡಗಣ್ಣು ಹೊಲದಲ್ಲಿ ಜಾಲಿಯ ಮುಳ್ಳು ಬಡಿದು ಮೊದಲೇ ಮಂಜು. ಎಲ್ಲಾ ಕೆಲಸ ಬಲಗಣ್ಣಿನದೇ. ಬಲಗಣ್ಣಿನಿಂದ ಚುಕ್ಕೆ ನೋಡಿ, ಗೆರೆಗಳು ಹೇಗೆ ಕಾಣುತ್ತವೆ ಹೇಳಿ ಎಂದೆ.

ಅವರು ಬಹಳ ಹೊತ್ತು ನೋಡಿದರು. “ಯಾವನವಾ ಈ ಗೆರಿ ಹೊಡದಾಂವ? ನಡುವ ಎಲ್ಲಾ ಡೊಂಕ ಮಾಡ್ಯಾನಲ್ಲ. ಚುಕ್ಕಿ ಹಾಕಾಕೂ ಮರತಾನ.”

ಅದು ಅಚ್ಚುಹಾಕಿದ ಹಾಳೆ ಎಂದು ನಾನು ಹೇಳಲಿಲ್ಲ. ಅವರಿಗೇ ತಿಳಿಯಿತು. ಬದುಕಿಡೀ ನೆಟ್ಟಗಿನ ಗೆರೆ ಎಳೆದ ಮನುಷ್ಯ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಕವುಚಿ ಇಟ್ಟರು. ಕನ್ನಡಕ ಮಾಡುವವಳು ಕಾಯಿಲೆಯ ಹೆಸರು ಹೇಳಬಾರದು. ಹುಬ್ಬಳ್ಳಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ, ನಾಳೆಯೇ ಹೋಗಿ ಎಂದಷ್ಟೇ ಅಂದೆ.

ಹೋಗಿಬಂದರು. ಒಬ್ಬರೇ ಹೋಗಿದ್ದರು. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆ ಬಾತಿದೆಯಂತೆ, ಕಣ್ಣೊಳಗೆ ತಿಂಗಳಿಗೊಂದರಂತೆ ಚುಚ್ಚುಮದ್ದು ಕೊಡಬೇಕಂತೆ, ತಡ ಮಾಡಿದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲವಂತೆ.

“ಯಾವಾಗ ಹೋಗ್ತೀರಿ?” ಎಂದೆ.

“ಗ್ರಹಣಾ ಮುಗೀಲಿ.”

ದೀಪಾವಳಿ ಅಮಾವಾಸ್ಯೆಯ ದಿನ ಮುಳುಗುವ ಸೂರ್ಯನಿಗೇ ಹಿಡಿಯುವ ಗ್ರಹಣ ಅದು. ನಾವು ಮೂವರೂ ಮಳೆಗಾಲದುದ್ದಕ್ಕೂ ಅದಕ್ಕಾಗಿ ತಯಾರಿ ನಡೆಸಿದ್ದೆವು. ಆದರೂ ನನಗೆ ಸಿಟ್ಟು ಬಂತು. ಗ್ರಹಣ ಇನ್ನೊಮ್ಮೆ ಬರುತ್ತದೆ, ಕಣ್ಣು ಬರುವುದಿಲ್ಲ ಎಂದು ಬೈದೆ.

“ನೋಡ ತಂಗಿ,” ಎಂದರು ಕಾಕಾ. “ಫೋಕಸ್ ನಾನ ಹಾಕ್ತೇನಿ. ಫೋಟೋ ಕಡಕ್ ಬಂತಂದ್ರ ನನ್ನ ಕಣ್ಣ ಇನ್ನೂ ದುಡೀತೈತಿ ಅಂತ ಅರ್ಥ. ಆವಾಗ ಸೂಜಿ ಗೀಜಿ ಯಾವ್ದೂ ಬ್ಯಾಡ. ಬರಲಿಲ್ಲಂದ್ರ ಹಬ್ಬಾ ಮುಗದ ಕೂಡ್ಲೇ ಹುಬ್ಬಳ್ಳಿ ಬಸ್ ಹತ್ತತೇನಿ. ಅಲ್ಲೀತನಕಾ ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಸರ್ ಮುಂದೂ ಬ್ಯಾಡ, ನಿಮ್ಮ ಕಾಕೂ ಮುಂದೂ ಬ್ಯಾಡ.”

ಹೂಂ ಅಂದೆ. ಗಿರಾಕಿಯ ಕಣ್ಣಿನ ವಿಷಯ ಗಿರಾಕಿಯದು, ಅದನ್ನು ಬೀದಿಗೆ ತರುವ ಹಕ್ಕು ನನಗಿಲ್ಲ. ಆದರೆ ಆ ದಿನದಿಂದ ರಾತ್ರಿ ನಿದ್ದೆ ಹತ್ತಲಿಲ್ಲ. ಸೂರ್ಯನ ಚಿತ್ರ ಚೂಪಾಗಿ ಬರಲಿ ಎಂದು ಬೇಡಿಕೊಳ್ಳಲೋ, ಬರದಿರಲಿ ಎಂದು ಬೇಡಿಕೊಳ್ಳಲೋ ನನಗೇ ತಿಳಿಯುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಸರ್ ತಮ್ಮ ಹಳೆಯ ಕಾರಿನಲ್ಲಿ ನನ್ನನ್ನು ಹಾನಗಲ್ಲಿನಲ್ಲಿ ಹತ್ತಿಸಿಕೊಂಡರು. ಕಾಕಾ ತಮ್ಮ ದೂರದರ್ಶಕ ಹೊತ್ತು ಶಿಗ್ಗಾಂವಿಯ ಬಸ್‌ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ದುಂಡಸಿಯ ಹಾದಿಯಲ್ಲೊಂದು ಬೋಳುಗುಡ್ಡವನ್ನು ನಾವು ಮೊದಲೇ ಗೊತ್ತುಮಾಡಿದ್ದೆವು. ಅಲ್ಲಿಂದ ಪಡುವಣ ದಿಕ್ಕು ತೆರೆದು ಕಾಣುತ್ತದೆ. ಆದರೆ ಗುಡ್ಡ ಹತ್ತಿ ನಿಂತರೆ ಪಡುವಣದ ತುಂಬ ಮೋಡ. ಮಲೆನಾಡಿನ ಮೇಲಿಂದ ಎದ್ದು ಬಂದದ್ದು, ದಪ್ಪಗೆ ಗೋಡೆಯಂತೆ ನಿಂತಿತ್ತು. ಗ್ರಹಣ ಹಿಡಿಯುವ ಹೊತ್ತಿಗೆ ಸೂರ್ಯ ಸರಿಯಾಗಿ ಅದರ ಬೆನ್ನ ಹಿಂದೆ ಇಳಿದಿರುತ್ತಾನೆ.

ಸರ್ ತಲೆಯ ಮೇಲೆ ಕೈ ಹೊತ್ತು ಕುಳಿತರು. “ಇಲ್ಲೇ ಕಾಯೂಣ್ರಿ. ಸರೀಬಹುದು.”

ಕಾಕಾ ತಮ್ಮ ಕೈಯನ್ನು ನೀಳವಾಗಿ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು ಮೋಡದ ಎತ್ತರ ಅಳೆದರು. “ಮೋಡ ಸರಿಯೂದಿಲ್ಲ. ನಾವ ಸರೀಬೇಕು. ಮೂಡಲಕ್ಕ ಹೋದಷ್ಟೂ ಅದು ಕೆಳಗ ಕುಂತಂಗ ಕಾಣತೈತಿ. ಸವಣೂರ ದಾಟಿ ಎರಿ ಹೊಲಕ್ಕ ನಡೀರಿ.”

ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಾರಿಗೆ ತುಂಬಿದೆವು. ಶಿಗ್ಗಾಂವಿ ದಾಟುವಾಗ ಪೇಟೆಯ ಬೀದಿ ಹಬ್ಬದ ದಿನವೂ ಬಿಕೋ ಎನ್ನುತ್ತಿತ್ತು. ಗ್ರಹಣ ಬರುತ್ತದೆಂದು ಅಂಗಡಿಗಳ ಲಕ್ಷ್ಮೀಪೂಜೆಯನ್ನು ಹಿಂದಿನ ದಿನವೇ ಮುಗಿಸಿಕೊಂಡಿದ್ದರು. ಗುಡಿಯ ಬಾಗಿಲು ಹಾಕಿತ್ತು. ಕಾರು ಓಡುತ್ತಿದ್ದಾಗ ಹಿಂದಿನ ಸೀಟಿನಿಂದ ಕಾಕಾ, ಯಾರೂ ಕೇಳದಿದ್ದರೂ, ಶುರುಮಾಡಿದರು.

“ನಾ ಇಪ್ಪತ್ತರಾಂವ ಇದ್ದಾಗ ಖಗ್ರಾಸ ಗ್ರಹಣಾ ನಮ್ಮ ಸೀಮಿ ಮ್ಯಾಲ ಹಾದು ಹೋತು. ಹಗಲ ಕತ್ತಲಿ. ಎಲ್ಲೆಲ್ಲಿಂದಾನೋ ಜನಾ ಅದನ್ನ ನೋಡಾಕ ಈ ಕಡೆ ಬಂದಿದ್ರು. ನಮ್ಮವ್ವ ಬಾಗಲಾ ಹಾಕಿ, ಕಿಡಕಿಗೆ ಕಂಬಳಿ ಹೊಚ್ಚಿ, ನನ್ನ ಪಡಸಾಲ್ಯಾಗ ಕುಂಡ್ರಿಸಿದ್ಲು. ಮೀಸಿ ಬಂದಾಂವ, ಅವ್ವ ಹೇಳಿದ್ಲಂತ ಸುಮ್ಮನ ಕುಂತೆ. ಹೊರಗ ಹಕ್ಕಿ ಗಪ್ಪಾದ್ವು. ಅಷ್ಟ ನಾ ಕಂಡ ಖಗ್ರಾಸ.”

ಸರ್ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆ ಈ ಮನುಷ್ಯ ಇಷ್ಟು ಹಟ ಹಿಡಿದಿದ್ದಾರೆಂದು ಅರ್ಥವಾಯಿತು, ಅರ್ಥವಾದದ್ದರಿಂದ ಸಂಕಟ ಇನ್ನಷ್ಟು ಹೆಚ್ಚಾಯಿತು.

ಸವಣೂರಿನಲ್ಲಿ ಕಾಕಾನ ಮನೆಯ ಮುಂದೆ ಒಂದು ಗಳಿಗೆ ನಿಂತೆವು. ಕಾಕಾ ಒಳಗೆ ಹೋಗಿ ಏನನ್ನೋ ಹುಡುಕುತ್ತಿದ್ದಾಗ ಕಾಕೂ, ಅಂದರೆ ಅವರ ಹೆಂಡತಿ, ಕಾರಿನ ಕಿಟಕಿಗೆ ಬಂದರು. ಗ್ರಹಣ ಬಿಡುವ ತನಕ ಯಾರೂ ಏನೂ ತಿನ್ನಬಾರದು ಎಂದು ಹೇಳುತ್ತಲೇ ಸವಣೂರ ಖಾರಾ ಎಂಬ ಕುರುಕಲು ತಿಂಡಿಯ ಪೊಟ್ಟಣ ನನ್ನ ಮಡಿಲಿಗೆ ಹಾಕಿದರು. ಆಮೇಲೆ ದನಿ ತಗ್ಗಿಸಿದರು.

“ಯವ್ವಾ, ಇವರ ಕಣ್ಣಿಗೇನೂ ಆಗಿಲ್ಲಲ್ಲ? ನೀ ನೋಡಿದಾಕಿ, ಹೇಳು.”

“ಯಾಕ್ರೀ ಕಾಕೂ?”

“ಈಗೀಗ ಬೈಯೂದ ಬಿಟ್ಟಾರ. ಮದಿವಿ ಆದಾಗಿಂದ ಒಂದ ದಿನಾ ನನ್ನ ಹೋಳಿಗಿ ಚಲೋ ಆಗೇತಿ ಅಂದಾವರಲ್ಲ. ಕಣಕ ದಪ್ಪ ಆತು, ಹೂರಣ ಕಡಿಮಿ ಆತು, ಅಂಚು ಹರೀತು ಅಂತ ಏನರೆ ಒಂದ ಹುಡುಕತಿದ್ರು. ಈಗ ಏನ ಹಾಕಿದ್ರೂ ಚಲೋ ಐತಿ ಅಂತಾರ. ಮೊನ್ನಿ ಅನ್ನದಾಗ ಕಲ್ಲಿನ ಹಳ್ಳ ಇತ್ತು, ತಗದು ಬದೀಗ ಇಡಲೂ ಇಲ್ಲ. ನನಗ ಅಂಜಿಕಿ ಆಗತೈತಿ.”

ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾಕಾ ನಾಲ್ಕು ಹಾಸುಗಲ್ಲಿನ ಚೂರುಗಳನ್ನು ಎದೆಗವುಚಿಕೊಂಡು ಹೊರಗೆ ಬಂದರು. “ಹಬ್ಬದ ಕೆಲಸದಾಗ ದಣದೀರಿ ಕಾಕೂ, ಹೋಗಿ ಅಡ್ಡಾಗ್ರಿ,” ಎಂದು ನಾನು ಏನೋ ಒಂದು ಅಂದು ಮುಖ ತಿರುಗಿಸಿದೆ.

ಆ ಕಲ್ಲುಗಳು ಯಾಕೆಂದು ಹೊಲಕ್ಕೆ ಹೋದ ಮೇಲೆ ತಿಳಿಯಿತು. ಊರಾಚೆಯ ಎರೆ ಹೊಲ, ಹಿಂಗಾರಿ ಬಿತ್ತನೆಗೆ ಹರಗಿ ಬಿಟ್ಟದ್ದು. ಮಳೆ ಕುಡಿದ ಕರಿಮಣ್ಣು ಮುಕ್ಕಾಲಿಯ ಕಾಲುಗಳನ್ನು ಒಂದೇ ಸಮ ನುಂಗುತ್ತಿತ್ತು. ಕಾಕಾ ಕಲ್ಲುಗಳನ್ನು ಒಂದೊಂದು ಕಾಲಿನ ಕೆಳಗೆ ಕೂರಿಸಿ, ಮೊಣಕಾಲೂರಿ ಸಮ ಮಾಡಿದರು. ಒಂದು ಕಲ್ಲು ಮಿಕ್ಕಿತು. ಅದರ ಮೇಲೆ ನಾನು ನನ್ನ ಚೀಲ ಇಟ್ಟೆ. ಪಡುವಣಕ್ಕೆ ಕಣ್ಣಳತೆಯವರೆಗೂ ಬಯಲು, ಕೊನೆಯಲ್ಲಿ ಜಾಲಿಗಿಡಗಳ ಸಣ್ಣ ಸಾಲು. ಕಾಕಾ ಹೇಳಿದಂತೆಯೇ ಮೋಡದ ಗೋಡೆ ಇಲ್ಲಿಂದ ಬರೀ ಒಂದು ಪಟ್ಟೆಯಾಗಿ ಕೆಳಗೆ ಕುಳಿತಿತ್ತು. ಅದರ ಮೇಲೆ ಸೂರ್ಯ ಇನ್ನೂ ಇಡಿಯಾಗಿ ಉರಿಯುತ್ತಿದ್ದ.

ಪಕ್ಕದ ಹತ್ತಿ ಹೊಲದಿಂದ ದನ ಹೊಡೆದುಕೊಂಡು ಲಗುಬಗೆಯಿಂದ ಮನೆಗೆ ಹೊರಟಿದ್ದ ರೈತನೊಬ್ಬ ನಮ್ಮನ್ನು ನೋಡಿ ನಿಂತ. “ಎಲ್ಲಾರೂ ಒಳಗ ಹೊಂಟಾರ, ನೀವು ಬಯಲಿಗೆ ಬಂದೀರಲ್ರೀ,” ಎಂದು ಹೇಳಿ, ಉತ್ತರಕ್ಕೆ ಕಾಯದೆ ದನಗಳ ಹಿಂದೆ ಹೋದ.

ಫಿಲ್ಟರ್ ನನ್ನ ವಶದಲ್ಲಿತ್ತು. ಬೆಳ್ಳಿಯ ಹಾಗೆ ಹೊಳೆಯುವ ತೆಳುಹಾಳೆ, ಬೆಳಕಿನ ಹೆಚ್ಚುಪಾಲನ್ನು ಹೊರಗೇ ತಡೆಯುತ್ತದೆ. ಸೂಜಿಮೊನೆಯಷ್ಟು ತೂತಿದ್ದರೂ ಕ್ಯಾಮೆರಾಕ್ಕೂ ಕಣ್ಣಿಗೂ ಕೇಡು. ಅದನ್ನು ಹಿಂದಿನ ದಿನವೇ ಬಲ್ಬಿಗೆ ಹಿಡಿದು ನೋಡಿದ್ದೆ, ಈಗ ಮತ್ತೆ ನೋಡಿ, ದೂರದರ್ಶಕದ ಬಾಯಿಗೆ ತೊಡಿಸಿ, ಗಾಳಿಗೆ ಹಾರದಂತೆ ಸುತ್ತ ಅಂಟಿಸಿದೆ. ಸರ್ ತಮ್ಮ ಸಣ್ಣ ದುರ್ಬೀನನ್ನು ಇನ್ನೊಂದು ಮುಕ್ಕಾಲಿಗೆ ಕಟ್ಟಿ, ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿಕೊಂಡರು. ಅದು ಬರಿಗಣ್ಣಿಗೆ ಅಪಾಯವಿಲ್ಲದೆ ನೋಡುವ ದಾರಿ.

ಕಾಕಾ ಕರಿಬಟ್ಟೆಯನ್ನು ತಲೆಯ ಮೇಲೆ ಹೊದ್ದು ಕ್ಯಾಮೆರಾದ ಪರದೆಗೆ ಮುಖ ಕೊಟ್ಟರು. ತಿರುಪನ್ನು ಹಿಂದೆ, ಮುಂದೆ, ಮತ್ತೆ ಒಂದು ಕೂದಲೆಳೆ ಹಿಂದೆ ಆಡಿಸಿದರು. ಎಂದಿನಂತೆ ಅವರಿಗೆ ಅವಸರವೇ ಇರಲಿಲ್ಲ. ಕೊನೆಗೆ ಜೇಬಿನಿಂದ ಕಪ್ಪು ಪಟ್ಟಿಯ ಸುರುಳಿ ತೆಗೆದು ಸುತ್ತಿ, ಹೆಬ್ಬೆರಳಿನಿಂದ ಒತ್ತಿದರು.

“ಆತು. ಇನ್ನ ಯಾರೂ ಮುಟ್ಟಬ್ಯಾಡ್ರಿ.”

ಆಮೇಲೆ ಕಾರಿನ ಮರೆಗೆ ಹೋದರು. ಸಕ್ಕರೆಯವರು ಉಪವಾಸ ಇರಬಾರದೆಂದು ನಾನೇ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ಕಾಕೂಗೆ ಗೊತ್ತಾಗದಂತೆ ತಿನ್ನಬೇಕೆಂದು ಅಷ್ಟು ದೂರದ ಬಯಲಿನಲ್ಲೂ ಅವರು ಮರೆ ಹುಡುಕುತ್ತಿದ್ದರು.

ನಾನು ಕರಿಬಟ್ಟೆಯೊಳಗೆ ತಲೆ ಹಾಕಿದೆ. ಪರದೆಯ ಮೇಲೆ ಸೂರ್ಯ ಬಿಳಿಯ ಬಿಲ್ಲೆಯಾಗಿ ನಿಂತಿದ್ದ. ಅಂಚು ಕುದಿಯುತ್ತಿತ್ತು. ಬಿಸಿಲು ಕಾಸಿದ ಹೊಲದ ಮೇಲೆ ಗಾಳಿ ಹಾಗೆ ಕುಣಿಯುವುದು ಸಹಜ. ಇದು ಗಾಳಿಯ ಆಟವೋ, ಫೋಕಸ್ ತಪ್ಪಿದ್ದೋ? ಗಾಳಿಯಾದರೆ ಆಗೊಮ್ಮೆ ಈಗೊಮ್ಮೆ ಒಂದು ಕ್ಷಣವಾದರೂ ಅಂಚು ಗೆರೆ ಕೊರೆದಂತೆ ನಿಲ್ಲಬೇಕು. ಉಸಿರು ಹಿಡಿದು ಕಾದೆ. ನಿಲ್ಲಲಿಲ್ಲ. ಇನ್ನೂ ಕಾದೆ. ಬಟ್ಟೆಯೊಳಗೆ ಬೆವರು ಇಳಿಯುತ್ತಿತ್ತು.

“ಸರ್, ನಿಮ್ಮ ರಟ್ಟಿನ ಮ್ಯಾಲೆ ಸೂರ್ಯನ ಕಲೆ ಕಾಣತಾವೇನ್ರಿ?” ಎಂದು ಬಟ್ಟೆಯೊಳಗಿಂದಲೇ ಕೇಳಿದೆ.

“ಹೂಂ ರೀ ಮೇಡಮ್. ನಡುವಿಗಿಂತ ಒಂಚೂರು ಆಚೆ ಒಂದ ಕರಿ ಚುಕ್ಕಿ ಐತಿ. ಬಾಜೂಕ ಇನ್ನೊಂದು ಸಣ್ಣದು. ಭಾಳ ಚೆಂದ ಕಾಣಾಕತ್ತಾವ.”

ಮುರುಕು ದುರ್ಬೀನಿನಲ್ಲಿ ಕಾಣುವ ಕಲೆ ನಮ್ಮ ಒಳ್ಳೆಯ ದೂರದರ್ಶಕದಲ್ಲಿ ಕಾಣುತ್ತಿರಲಿಲ್ಲ. ಎರಡಿರಲಿ, ಒಂದೂ ಇರಲಿಲ್ಲ. ಫೋಕಸ್ ತಪ್ಪಿತ್ತು.

ಹೊರಗೆ ಬಂದು ನೋಡಿದೆ. ಸರ್ ರಟ್ಟಿನ ಮೇಲೆ ಬಾಗಿದ್ದರು. ಕಾಕಾ ಕಾರಿನ ಆಚೆ. ನನ್ನ ಹೆಬ್ಬೆರಳಿನ ಉಗುರು ಆಗಲೇ ಪಟ್ಟಿಯ ತುದಿಯ ಕೆಳಗೆ ಹೋಗಿತ್ತು. ಬಿಚ್ಚಿ, ತಿರುಪನ್ನು ಒಂದೆಳೆ ಆಡಿಸಿ, ಮತ್ತೆ ಅದೇ ಪಟ್ಟಿ ಸುತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಚಿತ್ರ ಉಳಿಯುತ್ತದೆ, ಕಾಕಾನ ಮರ್ಯಾದೆ ಉಳಿಯುತ್ತದೆ, ನಾನು ಕೊಟ್ಟ ಮಾತೂ ಉಳಿಯುತ್ತದೆ. ಮೊದಲು ಹೊಳೆದದ್ದು ಅದೇ. ಆದರೆ ಚಿತ್ರ ಚೂಪಾಗಿ ಬಂದರೆ ಕಾಕಾ ಹುಬ್ಬಳ್ಳಿಗೆ ಹೋಗುವುದಿಲ್ಲ. ನೋಡಿದೆಯಾ, ನನ್ನ ಕಣ್ಣು ಇನ್ನೂ ದುಡಿಯುತ್ತದೆ ಎಂದು ಆ ಚಿತ್ರವನ್ನೇ ನನ್ನ ಮುಂದೆ ಹಿಡಿಯುತ್ತಾರೆ. ನನ್ನ ಕೈಯಿಂದಲೇ ಅವರ ಕಣ್ಣು ಹೋಗುತ್ತದೆ. ಹಾಗೆಂದು ಸುಮ್ಮನೆ ಬಿಟ್ಟರೆ? ಅವರು ಆಸ್ಪತ್ರೆಗೇನೋ ಹೋದಾರು, ಆದರೆ ಇಪ್ಪತ್ತರ ಪ್ರಾಯದಿಂದ ಕಾದ ಮನುಷ್ಯನ ಈ ಗ್ರಹಣ ಮಸುಕಾಗಿ ಹೋಗುತ್ತದೆ.

ಉಗುರು ಹಿಂದಕ್ಕೆ ತೆಗೆದೆ. ಕಾಕಾ ಬಾಯಿ ಒರೆಸಿಕೊಳ್ಳುತ್ತ ಬಂದರು. ಅಂಗಡಿಯಲ್ಲಿ ಕೇಳುವ ದನಿಯಲ್ಲೇ ಕೇಳಿದೆ.

“ಕಾಕಾ, ಪರದೆ ಮ್ಯಾಲೆ ಸೂರ್ಯನ ಕಲೆ ಎಲ್ಲೈತಿ, ಬೆರಳಿಟ್ಟು ತೋರಿಸ್ರಿ.”

ಅವರು ಬಟ್ಟೆ ಹೊದ್ದರು. ಬೆರಳು ಮೇಲೆದ್ದಿತು, ಪರದೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಆ ಕಡೆಯಿಂದ ಸರ್, ಏನೂ ಅರಿಯದೆ, “ನಡುವ ಐತಲ್ರೀ ಕಾಕಾ, ಇಲ್ಲಿ ರಟ್ಟಿನ ಮ್ಯಾಲೇ ಕಾಣತೈತಿ,” ಎಂದರು.

ಬಟ್ಟೆ ಅಲುಗಾಡಲಿಲ್ಲ. ಬಟ್ಟೆ ಸರಿಸಿ ಹೊರಬಂದ ಕಾಕಾ ನನ್ನನ್ನು ನೋಡಲಿಲ್ಲ. ಪಟ್ಟಿಯ ತುದಿಯನ್ನು ಬೆರಳಿನಿಂದ ತಡವಿದರು. ನನ್ನ ಉಗುರು ಎಬ್ಬಿಸಿದ್ದ ಮೂಲೆ ಅವರ ಬೆರಳಿಗೆ ಸಿಕ್ಕಿರಬೇಕು, ಒಮ್ಮೆ ನಿಂತರು.

“ಬಿಚ್ಚಾಕ ಹೋಗಿದ್ದೇನು?”

“ಹೂಂ ರೀ.”

“ಮತ್ತ ಯಾಕ ಬಿಚ್ಚಲಿಲ್ಲ?”

“ಬಿಚ್ಚಿ ಸರಿ ಮಾಡಿದ್ರ ನೀವು ಹುಬ್ಬಳ್ಳಿಗೆ ಹೋಗ್ತಿದ್ದಿಲ್ಲ.”

ಸರ್ ಈಗ ತಲೆಯೆತ್ತಿದರು. ನನ್ನ ಮುಖ ನೋಡಿದರು, ಕಾಕಾನ ಮುಖ ನೋಡಿದರು. ಏನೋ ಕೇಳಲು ಬಾಯಿ ತೆರೆದವರು ಕೇಳದೆ ಮತ್ತೆ ರಟ್ಟಿನ ಮೇಲೆ ಬಾಗಿದರು. ಅದಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ.

ಕಾಕಾ ಪಟ್ಟಿಯನ್ನು ತಾವೇ ಸುಲಿದರು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. “ನೀ ಒಳಗ ನೋಡು,” ಎಂದರು. “ನಾ ತಿರುವ್ತೇನಿ. ಕೈ ಇನ್ನೂ ನಂದ ಐತಿ.”

ಬಟ್ಟೆಯೊಳಗೆ ನಾನು, ಹೊರಗೆ ತಿರುಪಿನ ಮೇಲೆ ಅವರ ಬೆರಳು. ಅಂಗಡಿಯಲ್ಲಿ ಗಾಜು ಬದಲಿಸುತ್ತ ನಾನು ಅವರಿಗೆ ಕೇಳುವುದನ್ನು ಈಗ ಅವರು ನನಗೆ ಕೇಳಿದರು. ಇದು ಚಲೋ ಕಾಣತೈತೋ, ಮೊದಲಿಂದು ಚಲೋ ಇತ್ತೋ? ಈಗ? ಹಿಂದಕ್ಕ ಹೋಗ್ಲೋ? ಅವಸರದಲ್ಲಿ ನನ್ನ ಗದ್ದ ಬಡಿದು ಕ್ಯಾಮೆರಾ ಸಡಿಲಾಯಿತು. ಸೂರ್ಯ ಪರದೆಯ ಮೂಲೆಗೆ ಹಾರಿದ. ತಡಕಾಡಿ ಕ್ಯಾಮೆರಾ ಹಿಡಿದಿದ್ದ ಸ್ಕ್ರೂ ಬಿಗಿದೆ, ಸೂರ್ಯನನ್ನು ನಡುವಿಗೆ ತಂದುಕೊಂಡೆ, ಮತ್ತೆ ಮೊದಲಿನಿಂದ ಶುರು. ಒಮ್ಮೆಲೇ ಬಿಳಿಯ ಬಿಲ್ಲೆಯ ಮೇಲೆ ಕರಿಯ ಚುಕ್ಕೆ ಮೂಡಿತು, ಪಕ್ಕದಲ್ಲೇ ಸಣ್ಣದೂ ಮೂಡಿತು.

“ಸಾಕ್ರಿ,” ಎಂದೆ. “ಬಿಡ್ರಿ ಕೈ. ಎರಡೂ ಕಲೆ ಕಂಡ್ವು.”

ಕಾಕಾ ಹೊಸ ಪಟ್ಟಿ ಹರಿದು ಸುತ್ತಿದರು. ಅಷ್ಟು ಹೊತ್ತಿಗೆ ಸರ್, “ಹಿಡೀತ್ರಿ, ಬಲಗಡೆ ಹಿಡೀತು,” ಎಂದು ಕೂಗಿಕೊಂಡರು. ನನ್ನ ಪರದೆಯಲ್ಲಿ ನೋಡಿದರೆ ಬಲಗಡೆಯ ಕೆಳಗಿನ ಅಂಚು ಒಂದಿಷ್ಟು ತಗ್ಗಾಗಿತ್ತು. ನೋಡುತ್ತಿದ್ದಂತೆ ಆ ತಗ್ಗು ಬೆಳೆಯಿತು, ಜೋಳದ ರೊಟ್ಟಿಯ ಅಂಚು ಮುರಿದಷ್ಟಾಯಿತು.

ಮುಳುಗುವ ಸೂರ್ಯನ ಚಿತ್ರ ತೆಗೆಯುವುದರ ಕಷ್ಟ ಏನೆಂದರೆ ಬೆಳಕು ಒಂದೇ ಸಮ ಇರುವುದಿಲ್ಲ. ಕೆಳಗೆ ಇಳಿದಂತೆ ದೂಳು, ಮಂಜು ಎಲ್ಲ ಅದನ್ನು ಕುಡಿಯುತ್ತವೆ. ಸರ್ ಕ್ಯಾಮೆರಾಕ್ಕೆ ಬಂದು, ಪ್ರತಿ ಕೆಲವು ಚಿತ್ರಕ್ಕೊಮ್ಮೆ ಬೆಳಕು ಒಳಬಿಡುವ ಹೊತ್ತನ್ನು ಹೆಚ್ಚಿಸುತ್ತ ಹೋದರು. ಸೂರ್ಯ ಮೋಡದ ಪಟ್ಟೆಯೊಳಗೆ ಹೊಕ್ಕಾಗ ಪರದೆ ಪೂರ್ತಿ ಕಪ್ಪಾಯಿತು. ಸರ್ ಫಿಲ್ಟರಿಗೆ ಕೈ ಹಾಕಿದರು. “ತಗೀಲೇನ್ರಿ? ಇಷ್ಟ ಮಂದ ಇದ್ದಾನ, ಏನೂ ಆಗೂದಿಲ್ಲ.”

“ಕೈ ತಗೀರಿ ಸರ್,” ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ಮೋಡದ ಅಂಚಿನಿಂದ ಸೂರ್ಯ ಯಾವಾಗ ಇಣುಕುತ್ತಾನೋ ಯಾರಿಗೆ ಗೊತ್ತು. ಫಿಲ್ಟರ್ ಹಾಗೇ ಇತ್ತು. ನಾವು ಮೂವರೂ ಕಪ್ಪು ಪರದೆಯನ್ನು ನೋಡುತ್ತ ನಿಂತೆವು. ಎಲ್ಲಾ ಮುಗಿಯಿತು, ಇಷ್ಟು ದೂರ ಬಂದು ಕಾಕಾನ ಮುಖಕ್ಕೆ ಮಸಿ ಬಳಿದದ್ದಷ್ಟೇ ಆಯಿತು ಎಂದು ನನಗೆ ಅಳು ಬರುವಂತಾಯಿತು.

ಆಮೇಲೆ ಪಟ್ಟೆಯ ಕೆಳಗಿನಿಂದ ಸೂರ್ಯ ಹೊರಬಿದ್ದ. ಕೆಂಪಗೆ, ಬಲಮಗ್ಗುಲು ಕಚ್ಚಿಸಿಕೊಂಡು, ಜಾಲಿಗಿಡಗಳ ಮೇಲೆ ನಿಂತ. ಸರ್ ಗುಂಡಿ ಒತ್ತುತ್ತಲೇ ಹೋದರು. ನಾನು ಕಾಕಾಗೆ ಗ್ರಹಣದ ಕನ್ನಡಕ ಹಾಕಿ, ಭುಜ ಹಿಡಿದು ಪಡುವಣಕ್ಕೆ ತಿರುಗಿಸಿದೆ.

ಅವರು ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. “ನನಗ ಆರ ತಿಂಗಳಿಂದ ಎಲ್ಲಾರ ಮಾರಿನೂ ಹಿಂಗ, ಒಂದ ತುಂಡು ಕಡದಂಗ ಕಾಣತಿದ್ವು,” ಎಂದರು. “ಇವತ್ತ ಊರ ಮಂದಿಗೆಲ್ಲಾ ಹಂಗ ಕಂಡಿತು ಬಿಡು.”

ಸೂರ್ಯ ಮುಳುಗಿದ ಮೇಲೆ ಸರ್ ಕ್ಯಾಮೆರಾದ ಪರದೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಕಾಕಾನ ಮುಂದೆ ಹಿಡಿದರು. ಕೊನೆಯದರಲ್ಲಿ ಜಾಲಿಯ ಟೊಂಗೆಗಳ ನೆರಳು, ಅದರ ಮೇಲೆ ಕಚ್ಚಿದ ಕೆಂಪು ಸೂರ್ಯ. ಕಾಕಾ ಅದನ್ನು ಹಿಡಿದುಕೊಂಡು ನೋಡಿದರು.

“ಚಲೋ ಬಂದೈತಿ,” ಎಂದರು.

ಸರ್ ಮುಖ ಅರಳಿತು. ಇಷ್ಟು ವರ್ಷದಲ್ಲಿ ಆ ಬಾಯಿಂದ ಅವರು ಆ ಮಾತು ಕೇಳಿದ್ದೇ ಇಲ್ಲ. ಕಾಕೂ ಅಂಜಿದ್ದು ಏನನ್ನು ಎಂದು ನನಗೆ ಮಾತ್ರ ಆಗ ಪೂರ್ತಿ ತಿಳಿಯಿತು. ತಪ್ಪು ಹುಡುಕಿ ಬೈಯುವಷ್ಟೂ ಅವರಿಗೆ ಕಾಣುತ್ತಿರಲಿಲ್ಲ.

ಹಬ್ಬ ಮುಗಿದ ಕೂಡಲೇ ಕಾಕಾ ಹುಬ್ಬಳ್ಳಿಯ ಬಸ್ ಹತ್ತಿದರು. ಈ ಸಲ ಒಬ್ಬರೇ ಅಲ್ಲ. ಮನೆಯಲ್ಲಿ ಎಲ್ಲಾ ಹೇಳಿದ್ದರು, ಕಾಕೂ ಪಕ್ಕದಲ್ಲೇ ಇದ್ದರು. ಮೊದಲ ಚುಚ್ಚುಮದ್ದು ಆಯಿತು, ಮುಂದಿನ ತಿಂಗಳು ಎರಡನೆಯದು. ಹೋದದ್ದು ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ, ಇದ್ದದ್ದು ಉಳಿದರೆ ಸಾಕು ಅಂದಿದ್ದರಂತೆ. ಆ ಕೊನೆಯ ಚಿತ್ರವನ್ನು ನಾನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ತೂಗುಹಾಕಿದ್ದೆ. ನಡುವೆ ಒಮ್ಮೆ ಕಾಕಾ ಬಂದು, ಅದರ ಮುಂದೆ ನಿಂತು, ಮತ್ತೆ ಚಲೋ ಬಂದೈತಿ ಅಂದರು. ಅವರು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ.

ಮೂರನೆಯ ಚುಚ್ಚುಮದ್ದು ಆಗಿ ಕೆಲವು ವಾರಕ್ಕೆ ಮತ್ತೆ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರಿಗೆಂದೇ ತರಿಸಿದ ಹೊಸ ಅಕ್ಷರದ ಫಲಕವನ್ನು ನಾನು ಪೊಟ್ಟಣದಿಂದ ಬಿಚ್ಚುತ್ತಿದ್ದೆ. ಬಾಯಿಪಾಠ ಬರದ ಫಲಕ. ಕಾಕಾ ಕುರ್ಚಿಗೆ ಬರಲಿಲ್ಲ. ಗೋಡೆಯ ಮುಂದೆ ನಿಂತಿದ್ದರು. ಹತ್ತಿರ ಹೋದರು, ಹಿಂದೆ ಸರಿದರು, ಎಡಗಣ್ಣು ಮುಚ್ಚಿ ನೋಡಿದರು.

“ಎಡಗಡೆ ಅಂಚು ಮೆತ್ತಗ ಆಗೇತಿ,” ಎಂದರು.

ಫಲಕ ನನ್ನ ಕೈಯಲ್ಲೇ ಉಳಿಯಿತು.

“ಬಲಗಡೆ ಕಡಕ್ ಐತಿ, ಎಡಗಡೆ ಮೆತ್ತಗ. ಫೋಕಸ್ ತಪ್ಪಲ್ಲ ಇದು. ಕ್ಯಾಮೆರಾ ಓರೆ ಕುಂತೈತಿ. ಆ ಸ್ಕ್ರೂ ಯಾರು ಬಿಗಿದಾವ್ರು?”

“ನಾನ ರೀ ಕಾಕಾ.”

“ಇದನ್ನ ಗ್ವಾಡಿಗೆ ಹಾಕೀಯಲ್ಲ, ನಾಲ್ಕ ಮಂದಿ ಬಂದು ಹೋಗೂ ಜಾಗಾದಾಗ. ತಗಿ ಅದನ್ನ.”

ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಅಷ್ಟು ದಿನ ದಿನಾ ನೋಡಿದ ಚಿತ್ರ. ಎಡಗಡೆಯ ಅಂಚು ನಿಜವಾಗಿಯೂ ಕೂದಲೆಳೆಯಷ್ಟು ಮಸುಕಾಗಿತ್ತು, ನನ್ನ ಎರಡೂ ಸರಿಯಾದ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕಾಕಾ ಇನ್ನೂ ಬೈಯುತ್ತಿದ್ದರು. ಹೊಸ ಫಲಕವನ್ನು ಅವತ್ತು ತೂಗುಹಾಕಲೇ ಇಲ್ಲ. ಹಿಂದಿನ ಕೋಣೆಗೆ ಹೋಗಿ ಸವಣೂರಿಗೆ ಫೋನ್ ಹಚ್ಚಿದೆ.

“ಏನಾತವಾ?” ಎಂದರು ಕಾಕೂ, ಗಾಬರಿಯಿಂದ.

“ಬೈದ್ರು ರೀ ಕಾಕೂ.”

“ಎಷ್ಟ ಬೈದ್ರು?”

“ಇನ್ನೂ ಬೈಯಾಕತ್ತಾರ ರೀ.”

ಕಾಕೂ ಮೂಗು ಒರೆಸಿಕೊಂಡದ್ದು ಫೋನಿನಲ್ಲೇ ಕೇಳಿಸಿತು. “ಹಂಗಾದ್ರ ಹೊಟ್ಟಿ ತುಂಬ ಬೈಸ್ಕೊಂಡು ಕಳಸ ಯವ್ವಾ,” ಎಂದರು. “ನಾ ಹೋಳಿಗಿಗೆ ಬ್ಯಾಳಿ ಇಡ್ತೇನಿ.”